ಡೊಂಕಿನ ಮೇಲೊಂದು ಡೊಂಕು

...ಅಥವಾ ಹೂಕೋಸಿನ ಗಲಾಟೆ ನಡೆದದ್ದು ಆ ಮದುವೆಯಾದ ಮೇಲೋ? ಖಚಿತವಿಲ್ಲ. ಖಚಿತವಾಗಿ ಹೇಳಬಲ್ಲ ಸಂಗತಿ ಒಂದೇ: ಇಡೀ ಎನ್.ಆರ್. ಕಾಲೋನಿಯಲ್ಲಿ ತರಕಾರಿಯನ್ನು ಮುಂದಿಟ್ಟುಕೊಂಡು ಪಾಠ ಮಾಡಿದ ಏಕೈಕ ಗಣಿತದ ಮೇಷ್ಟ್ರು ನಮ್ಮ ಸೋದರಮಾವ!

ತೊಂಬತ್ತರ ದಶಕದ ಕೊನೆಯಿರಬೇಕು. ಕಾಲೇಜಿನಿಂದ ನಿವೃತ್ತರಾದ ಮಾವನಿಗೆ ಫ್ರ್ಯಾಕ್ಟಲ್ ಎಂಬ ಗೀಳು ಅಂಟಿತ್ತು. ದೊಡ್ಡದರ ಆಕಾರವೇ ಅದರ ಚೂರಿನಲ್ಲೂ, ಚೂರಿನ ಚೂರಿನಲ್ಲೂ ಮರುಕಳಿಸುತ್ತದಲ್ಲ, ಅದು. ಒಂದು ಭಾನುವಾರ ಅತ್ತೆ ಈಳಿಗೆಮಣೆ ಹಾಕಿಕೊಂಡು ಕೂತಿದ್ದರು. ಮಾವ ಅವರ ಕೈಯಿಂದ ಹೂಕೋಸು ಕಿತ್ತುಕೊಂಡು ಬೆರಳಲ್ಲೇ ಬಿಡಿಸತೊಡಗಿದರು. ಇದರೊಳಗೊಂದು ಪುಟ್ಟ ಹೂಕೋಸು, ಅದರೊಳಗೆ ಇನ್ನೂ ಪುಟ್ಟದು ಎನ್ನುತ್ತ ಹೋದಂತೆ ಮಧ್ಯಾಹ್ನವೇ ಆಯಿತು. ತಟ್ಟೆಯಲ್ಲಿ ಉಳಿದದ್ದು ರವೆ!

"ಪಲ್ಯ ಬಿಡಿ, ಇದರಲ್ಲೇ ಉಪ್ಪಿಟ್ಟು ಕೆದಕ್ತೀನಿ" ಎಂದರು ಅತ್ತೆ.

ಮದುವೆ ಎಂದೆನಲ್ಲ, ಅದು ಮಲ್ಲೇಶ್ವರದಲ್ಲಿ ನಡೆದ ನನ್ನ ತಂಗಿಯ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ನಾಪತ್ತೆ! ಮುಹೂರ್ತ ಮೀರುವ ಹೊತ್ತಿಗೆ ಮಾವ, ಅತ್ತೆ ಇಬ್ಬರೂ ಬಂದರು. ಹೊರಡುವ ಹೊತ್ತಿಗೆ ಅವರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಚೆಲ್ಲಿತಂತೆ. ಬಳಿಯುವಷ್ಟರಲ್ಲಿ ಬಸ್ಸು ಹೋಯಿತಂತೆ. ಮುಂದಿನ ಬಸ್ಸು ಮೆಜೆಸ್ಟಿಕ್‌ನಲ್ಲಿ ಕೆಟ್ಟು ನಿಂತಿತಂತೆ. ಎಲ್ಲೋ ಚಿಟ್ಟೆ ರೆಕ್ಕೆ ಬಡಿದರೆ ಇನ್ನೆಲ್ಲೋ ಬಿರುಗಾಳಿ ಏಳಬಹುದು, ಇದೇ ಕೇಯಾಸ್ ಸಿದ್ಧಾಂತ ಎಂದು ಮಾವ ಪುರೋಹಿತರಿಗೇ ವಿವರಿಸತೊಡಗಿದರು.

"ಭಾವ, ಚಿಟ್ಟೆ ಆಮೇಲೆ. ಮೊದ್ಲು ಹುಡುಗೀನ ಕರ್ಕೊಂಡ್ಬನ್ನಿ" ಎಂದರು ಅಪ್ಪ.

ಸಾಸಿವೆ ಯಾರ ಕೈಯಿಂದ ಚೆಲ್ಲಿತೆಂದು ಯಾರೂ ಕೇಳಲಿಲ್ಲ. ಅತ್ತೆ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದರು. ಅಥವಾ ಹಾಗೆಂದು ನಾನು ಈಗ ಸೇರಿಸುತ್ತಿದ್ದೇನೋ!

ಅತ್ತೆಯ ರಂಗೋಲಿ ನೋಡಲು ಬೆಳಗಿನ ವಾಕಿಂಗ್‌ನವರು ದಾರಿ ಬದಲಿಸುತ್ತಿದ್ದ ಕಾಲವಿತ್ತು. ಆ ಕೈಗೆ ನಡುಕ ಬಂತು. ಒಂದು ಬೆಳಿಗ್ಗೆ ನಾನು ಹೋದಾಗ ಅತ್ತೆ ಅರ್ಧ ಎಳೆದ ಗೆರೆಯನ್ನು ಅಳಿಸುತ್ತಿದ್ದರು. ಪಕ್ಕದಲ್ಲಿ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಸ್ಟಿಕ್ಕರ್ ರಂಗೋಲಿ. ಗೇಟಿನ ಬಳಿ ಮಾವ.

"ಇನ್ಮೇಲೆ ಇದನ್ನೇ ಅಂಟಿಸ್ಬಿಡ್ತೀನಿ ಕಣ್ರೀ. ಗೆರೆ ಸೊಟ್ಟ ಹೋಗತ್ತೆ. ನೋಡ್ದೋರು ಏನಂತಾರೆ."

"ಮಿಂಚು ನೇರ ಹೋಗತ್ತೇನೇ? ಆ ಸಂಪಿಗೆ ಕೊಂಬೆ ನೇರ ಇದ್ಯಾ? ನೀನು ಎಳಿ. ಸೊಟ್ಟ ಆದ ಕಡೆ ನಾನಿದೀನಿ" ಎಂದರು ಮಾವ.

ಅತ್ತೆ ಎಳೆದರು. ಗೆರೆ ನಡುಗಿತು. ಮಾವ ಪಂಚೆ ಎತ್ತಿ ಕಟ್ಟಿ, ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಅತ್ತೆಯ ಒಂದೊಂದು ಡೊಂಕಿನ ಮೇಲೂ ಅದೇ ಆಕಾರದ ಪುಟ್ಟ ಡೊಂಕು, ಅದರ ಮೇಲೆ ಇನ್ನೂ ಪುಟ್ಟದು ಎಳೆದರು. ಎದುರುಮನೆಯವರು, "ಏನ್ ಮೇಷ್ಟ್ರೇ, ರಂಗೋಲಿ ಕ್ಲಾಸ್‌ಗೆ ಸೇರ್ಕೊಂಡ್ರಾ?" ಎಂದು ನಕ್ಕರು. ಮಾವ ತಲೆ ಎತ್ತಲಿಲ್ಲ. ರಂಗೋಲಿ ಜರೀಗಿಡದ ಎಲೆಯಂತೆ ಗೇಟು ದಾಟಿ ಹರಡಿತು. ಯಾವುದು ಅತ್ತೆಯ ನಡುಕ, ಯಾವುದು ಮಾವನ ಗಣಿತ ಎಂದು ಎದುರುಮನೆಯವರಿಗೇನು, ನನಗೂ ತಿಳಿಯಲಿಲ್ಲ. ಸ್ಟಿಕ್ಕರು ಹೋಗಿ ಬೀರುವಿನ ಬಾಗಿಲಿಗೆ ಅಂಟಿತು.

ಹೂಕೋಸು, ಸಾಸಿವೆ, ರಂಗೋಲಿ ಇಷ್ಟು ಚೆನ್ನಾಗಿ ಹೊಂದಿಕೊಂಡಾಗಲೇ ನನಗೆ ನನ್ನ ನೆನಪಿನ ಮೇಲೆ ಅನುಮಾನ. ಮಾವ ಆ ಭಾನುವಾರ ಹೂಕೋಸು ಕಿತ್ತುಕೊಂಡದ್ದು ಗೀಳಿಗೋ, ಈಳಿಗೆಯ ಅಂಚಿಗೆ ಅತ್ತೆಯ ಬೆರಳು ತಾಗೀತೆಂಬ ಭಯಕ್ಕೋ? ಆ ಮನೆಗೆ ಮೊದಲು ಬಂದದ್ದು ಫ್ರ್ಯಾಕ್ಟಲ್ಲೋ, ನಡುಕವೋ?

ನನಗೆ ಗೊತ್ತಿಲ್ಲ.