ತಿದ್ದುಯಂತ್ರಕ್ಕೆ, ಎಂಬತ್ತನಾಲ್ಕು ಮೆಟ್ಟಿಲುಗಳ ಪರವಾಗಿ

ಮಾನ್ಯರೇ,

ನಮ್ಮ ಕಚೇರಿಯ ಕಂಪ್ಯೂಟರಿನೊಳಗೆ ಎಂಟು ತಿಂಗಳ ಹಿಂದೆ ದಯಮಾಡಿಸಿ, ಊಟ ತಿಂಡಿಯ ಹಂಗಿಲ್ಲದೆ, ರಜೆಯ ಗೋಜಿಲ್ಲದೆ, ನಾವು ಬರೆಯುವ ಇಂಗ್ಲಿಷ್ ಪತ್ರಗಳಲ್ಲಿ ತಪ್ಪು ಹೆಕ್ಕಿ ಕೆಂಪು ಗೆರೆ ಎಳೆಯುತ್ತಿರುವ ತಮಗೆ, ಕನ್ನಡಕದ ಗಾಜು ತಯಾರಿಸುವ ಈ ಕಾರ್ಖಾನೆಯ ಪತ್ರ ವಿಭಾಗದ ಗುಮಾಸ್ತನಾದ ನಾನು ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಮೊಣಕಾಲುಗಳಿಲ್ಲದ ಕಾರಣ ಕ್ಷೇಮವಾಗಿರದೆ ಬೇರೆ ದಾರಿಯೂ ಇಲ್ಲ.

ತಾವು ಬರುವುದಕ್ಕೆ ಮುಂಚೆಯೂ ನಾನು ಇಂಗ್ಲಿಷ್ ಬರೆಯುತ್ತಿದ್ದೆ ಎಂದು ವಿನಯದಿಂದ ತಿಳಿಸುತ್ತೇನೆ. ಇಪ್ಪತ್ತೆರಡು ವರ್ಷ ಬರೆದೆ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ದೊಡ್ಡ ಗುಮಾಸ್ತರು ನಿವೃತ್ತರಾಗುವ ದಿನ ಒಂದು ಹರಕು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು ಹೋಗಿದ್ದರು. ಯಾವ ನಾಮಪದದ ಬೆನ್ನಿಗೆ ಯಾವ ಪುಟ್ಟ ಪದ ಬರಬೇಕೆಂಬ ಪಟ್ಟಿ ಅದರಲ್ಲಿತ್ತು. ರೀಸನ್ ಆದರೆ ಫಾರ್, ಕಾಝ್ ಆದರೆ ಆಫ್, ಡ್ಯಾಮೇಜ್ ಆದರೆ ಟು, ಇಂಟರೆಸ್ಟ್ ಆದರೆ ಇನ್. ರೀಸನ್ನೂ ಕಾರಣವೇ, ಕಾಝೂ ಕಾರಣವೇ, ಹಾಗಿದ್ದ ಮೇಲೆ ಈ ಭೇದ ಏಕೆಂದು ನಾನು ಕೇಳಿದ್ದಕ್ಕೆ ಅವರು, "ಅಣ್ಣತಮ್ಮಂದಿರು ಬೇರೆ ಬೇರೆ ಮನೆಯಿಂದ ಹೆಣ್ಣು ತಂದಿದಾರೆ ಕಣಯ್ಯ, ಯಾಕೆ ಅಂತ ಕೇಳಬಾರದು, ಸಂಸಾರ ನಡೀತಿದೆಯಲ್ಲ" ಎಂದಿದ್ದರು. ಪಟ್ಟಿಯಲ್ಲಿ ಇಲ್ಲದ ಪದ ಬಂದರೆ ಟೈಪ್‌ರೈಟರಿನಲ್ಲಿ ಅಕ್ಷರದ ಮೇಲೆ ಅಕ್ಷರ ಕುಟ್ಟಿ, ಆಫ್ ಬೇಕಾದವರು ಆಫ್ ಎಂದೂ ಫಾರ್ ಬೇಕಾದವರು ಫಾರ್ ಎಂದೂ ಓದಿಕೊಳ್ಳುವಂತೆ ಮಾಡಿ ಕಳಿಸುವುದು ನಮ್ಮ ವಿಭಾಗದ ಪದ್ಧತಿಯಾಗಿತ್ತು. ಎಲ್ಲರೂ ತಮಗೆ ಬೇಕಾದ್ದನ್ನೇ ಓದಿಕೊಂಡರು. ಯಾವ ಗಾಜೂ ತಪ್ಪು ಊರಿಗೆ ಹೋಗಲಿಲ್ಲ.

ತಾವು ಬಂದ ದಿನ ಮ್ಯಾನೇಜರ್ ಸಾಹೇಬರು ಮೂರು ನಿಯಮಗಳನ್ನು ಬರೆಸಿ ಗೋಡೆಗೆ ಅಂಟಿಸಿದರು. ತಮ್ಮ ಹಸಿರು ಗುರುತು ಬೀಳದ ಯಾವ ಪತ್ರವೂ, ಅದು ನಮ್ಮದೇ ಫಲಕಕ್ಕೆ ಹಚ್ಚುವ ಸೂಚನೆಯಾದರೂ ಸರಿ, ಹೊರಗೆ ಬರಕೂಡದು. ಒಂದು ಪತ್ರಕ್ಕೆ ಮೂರು ಸಲ ಕೆಂಪು ಬಿದ್ದರೆ ಅದು ಮರುದಿನಕ್ಕೆ ಹೋಗಬೇಕು. ಹಸಿರು ಬಿದ್ದ ಪತ್ರವನ್ನು ಮಾತ್ರ ಯಾರೂ ಪ್ರಶ್ನಿಸಕೂಡದು. ಸಾಹೇಬರು ಅದನ್ನು ಓದುವ ಶ್ರಮ ತೆಗೆದುಕೊಳ್ಳದೆ ಸಹಿ ಹಾಕುತ್ತಾರೆ. ಮೂರನೆಯ ನಿಯಮ ಸಾಹೇಬರಿಗೆ ಬಹಳ ಪ್ರಿಯವಾದದ್ದು. ಅಂದಿನಿಂದ ಅವರ ಕಣ್ಣಿಗೆ ಒಳ್ಳೆಯ ವಿಶ್ರಾಂತಿ ಸಿಕ್ಕಿದೆ.

ಹೀಗಿರಲಾಗಿ, ಕಳೆದ ತಿಂಗಳ ಒಂದು ಸೋಮವಾರ ನಮ್ಮ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತುಬಿಟ್ಟಿತು. ನಾಲ್ಕನೆಯ ಮಹಡಿಯಲ್ಲಿ ಗಾಜು ತಪಾಸಣೆಯ ವಿಭಾಗವಿದೆ. ಅಲ್ಲಿ ಉತ್ತರದ ಕಿಟಕಿಯ ಪಕ್ಕದ ಮೇಜಿನಲ್ಲಿ, ಹೊಳಪು ಕೊಟ್ಟು ಬಂದ ಪ್ರತಿಯೊಂದು ಗಾಜನ್ನೂ ಬೆಳಕಿಗೆ ಹಿಡಿದು ತಿರುಗಿಸಿ ಗೀರು ಹುಡುಕುವವರು ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ತಾವು ತಿದ್ದುವವರಾದ್ದರಿಂದ ಇದನ್ನೂ ಹೇಳಬೇಕು. ತಾಯಿಯಿಲ್ಲದ ನನ್ನನ್ನು ಕೂರಿಸಿಕೊಂಡು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವರು ಅವರು. ತಪ್ಪಿದಾಗ ಕೆಂಪು ಗೆರೆ ಎಳೆಯುತ್ತಿರಲಿಲ್ಲ, ನನ್ನ ಕೈಯನ್ನು ತಮ್ಮ ಕೈಯೊಳಗೆ ಹಿಡಿದು ಇನ್ನೊಮ್ಮೆ ಬರೆಸುತ್ತಿದ್ದರು. ಅವರೆಂದರೆ ನನಗೆ ಪ್ರಾಣ. ಅವರ ಎಡಮೊಣಕಾಲು ಎರಡು ವರ್ಷದಿಂದ ಊದಿಕೊಂಡಿದೆ, ಕೆಳಗಿನಿಂದ ಆ ಮೇಜಿಗೆ ಎಂಬತ್ತನಾಲ್ಕು ಮೆಟ್ಟಿಲು.

ಅಂದೇ ನಾನು ಲಿಫ್ಟ್ ಕಂಪನಿಗೆ ಪತ್ರ ಬರೆಯಲು ಕುಳಿತೆ. ಲಿಫ್ಟು ನಿಂತ ರೀಸನ್ನಿಗೆ ಅವಸರದಲ್ಲಿ ಆಫ್ ಹಾಕಿದೆನೆಂದು ತಾವು ಕೆಂಪು ಮಾಡಿದಿರಿ. ಡ್ಯಾಮೇಜಿಗೂ ಆಫ್ ಹಾಕಿದ್ದಕ್ಕೆ ಮತ್ತೆ ಕೆಂಪು. ರಿಪೇರಿಯ ನೀಡ್ ಇದೆ ಎಂಬಲ್ಲಿ ಮೂರನೆಯ ಕೆಂಪು ಬಿದ್ದು ಪತ್ರ ಮರುದಿನಕ್ಕೆ ಹೋಯಿತು. ನೀಡಿಗೆ ಫಾರ್ ಹಾಕಬೇಕೆಂದು ತಾವು ಕಲಿಸಿದ್ದನ್ನು ರಾತ್ರಿಯೆಲ್ಲ ಗಿಣಿಪಾಠ ಮಾಡಿ ಬಂದು, ಮರುದಿನ ಅದರ ಮುಂದೊಂದು ಇನ್ ಸೇರಿಸಿ ಇನ್ನಷ್ಟು ಗಂಭೀರವಾಗಿ ಬರೆದರೆ, ಈಗ ಹಿಂದೆ ಬರಬೇಕಾದ್ದು ಆಫ್ ಎಂದಿರಿ. ಮುಂದೆ ಒಬ್ಬರು ಬಂದು ನಿಂತ ಮಾತ್ರಕ್ಕೆ ಹಿಂದಿನವರನ್ನು ಬದಲಾಯಿಸುವ ಈ ಶಿಷ್ಟಾಚಾರ ದೊಡ್ಡ ಗುಮಾಸ್ತರ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಐದು ದಿನ ನಾನು ಕೆಳಗೆ ಕುಳಿತು ತಮ್ಮ ಜೊತೆ ಪದಕ್ಕೆ ಪದ ಹತ್ತಿಸುತ್ತಿದ್ದೆ, ಅತ್ತಿಗೆ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಎರಡನೆಯ ಮಹಡಿಯ ತಿರುವಿನಲ್ಲಿ ಅವರು ಕುಳಿತು ಸುಧಾರಿಸಿಕೊಳ್ಳುತ್ತಿದ್ದಾಗ ನಾನು ಪತ್ರದ ಸ್ಥಿತಿಗತಿ ವಿವರಿಸಿದೆ. "ನಿನ್ನ ಇಂಗ್ಲಿಷ್ ದಡ ಸೇರೋದ್ರೊಳಗೆ ನಾನು ಇನ್ನೂ ನಾಲ್ಕು ಸಲ ಹತ್ತಿ ಇಳೀತೀನಿ ಬಿಡಪ್ಪ" ಎಂದು ನಕ್ಕರು.

ಆರನೆಯ ದಿನ ನಾನು ಮಾಡಿದ ಕೆಲಸಕ್ಕೆ ತಮ್ಮನ್ನು ದೂರುವುದಿಲ್ಲ, ಅದು ನನ್ನದೇ ಬುದ್ಧಿ. ತಾವು ಒಂದೇ ಏಟಿಗೆ ಹಸಿರು ಮಾಡಿದ್ದ ಹಳೆಯ ಪತ್ರವೊಂದನ್ನು ಕಡತದಿಂದ ತೆಗೆದೆ. ಅದು ಗಾಜಿಗೆ ಹೊಳಪು ಕೊಡುವ ಪುಡಿ ಸರಬರಾಜು ಮಾಡುವವರಿಗೆ ಬರೆದ ಕೃತಜ್ಞತಾ ಪತ್ರ. ತಮ್ಮ ಆಸಕ್ತಿಗೆ ಋಣಿ, ತಮ್ಮ ಸೇವೆಯಿಂದ ತೃಪ್ತಿ, ತಮ್ಮ ಸಿಬ್ಬಂದಿಯಲ್ಲಿ ವಿಶ್ವಾಸ, ಎಲ್ಲ ನಾಮಪದಗಳೂ ತಂತಮ್ಮ ಜೋಡಿಯ ಕೈ ಹಿಡಿದು ಸಾಲಾಗಿ ನಿಂತಿದ್ದವು. ಹೆಸರು ಬದಲಾಯಿಸಿ, ಕೊನೆಗೆ ಲಿಫ್ಟು ನಿಂತಿದೆ ಎಂಬ ಅರ್ಥದ ಮೂರೇ ಇಂಗ್ಲಿಷ್ ಪದ ಸೇರಿಸಿದೆ. ಹಸಿರು ಬಿತ್ತು, ಸಹಿ ಬಿತ್ತು. ನಾಲ್ಕು ದಿನಕ್ಕೆ ಉತ್ತರವೂ ಬಂತು. ನಮ್ಮ ಪ್ರಶಂಸೆಯನ್ನು ಚೌಕಟ್ಟು ಹಾಕಿಸಿ ತಮ್ಮ ಸ್ವಾಗತ ಕೊಠಡಿಯಲ್ಲಿ ತೂಗುಹಾಕಿರುವುದಾಗಿಯೂ, ಗ್ರಾಹಕರು ಸಂತುಷ್ಟರಾಗಿರುವುದರಿಂದ ನಮ್ಮ ಲಿಫ್ಟಿನ ಕಡತವನ್ನು ಮುಚ್ಚಿರುವುದಾಗಿಯೂ ಅವರು ತಿಳಿಸಿದ್ದರು. ಓದಿ ನನಗೆ ಅಳು ಬಂತು. ಆ ಉತ್ತರದ ಇಂಗ್ಲಿಷಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಎರಡು ದಿನ ಅರ್ಧ ಗಂಟೆ ತಡವಾಗಿ ಮೇಲೆ ತಲುಪಿದ್ದರು. ತಪಾಸಣೆ ವಿಭಾಗದ ಮೇಸ್ತ್ರಿ ಕೆಟ್ಟವನಲ್ಲ, ಅವರ ಕಷ್ಟ ನೋಡಲಾರದೆ ಮೇಜನ್ನು ನೆಲಮಹಡಿಯ ಪ್ಯಾಕಿಂಗ್ ಕೋಣೆಗೆ ಇಳಿಸಿದ. ಅಲ್ಲಿ ಕಿಟಕಿಯಿಲ್ಲ, ಟ್ಯೂಬ್‌ಲೈಟಿದೆ. ಆ ಬೆಳಕಿನಲ್ಲಿ ಗೀರು ಕಾಣುವುದಿಲ್ಲವೆಂದು ಅವರಿಗೆ ಗಾಜಿನ ಬದಲು ರಟ್ಟಿನ ಡಬ್ಬಿ ಮಡಚುವ ಕೆಲಸ ಕೊಟ್ಟರು. ಮೊದಲ ದಿನ ಅವರು ಮಡಚಿದ ಡಬ್ಬಿಯನ್ನು ಅಭ್ಯಾಸಬಲದಿಂದ ಮೇಲೆತ್ತಿ ತಿರುಗಿಸಿ ನೋಡಿದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ.

ಲಿಫ್ಟು ರಿಪೇರಿಯಾದ ಬಗೆಯನ್ನೂ ತಮ್ಮ ಅವಗಾಹನೆಗೆ ತರುತ್ತೇನೆ. ತಮ್ಮ ಕನ್ನಡಕಕ್ಕೆ ಗಾಜು ತೆಗೆದುಕೊಂಡು ಹೋಗಲು ಬಂದ ಒಬ್ಬರು ಪ್ಯಾಕಿಂಗ್ ಕೋಣೆಯಲ್ಲಿ ಕಾಯುತ್ತಿದ್ದರು. ಮಾತಿಗೆ ಮಾತು ಬಂದು ಅವರು ಅದೇ ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಎಂದು ತಿಳಿದಾಗ ಅತ್ತಿಗೆ, "ಲಿಫ್ಟ್ ಕೆಟ್ಟು ಮೂರು ವಾರ ಆಯ್ತು, ಒಂದ್ಸಲ ನೋಡಿ ಹೋಗಪ್ಪ" ಎಂದರು. ಅವರು ನೋಡಿದರು, ನಲವತ್ತು ನಿಮಿಷದಲ್ಲಿ ಲಿಫ್ಟು ನಡೆಯಿತು. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಮೇಜು ಆಗಲೇ ಕೆಳಗಿತ್ತು. ಬರುವ ಸೋಮವಾರದಿಂದ ಕಿಟಕಿಯ ಮುಂದೆ ಖಾಲಿ ಪೆಟ್ಟಿಗೆಗಳನ್ನು ಒಟ್ಟುವುದೆಂದು ತೀರ್ಮಾನವೂ ಆಗಿತ್ತು. ಲಿಖಿತ ಆದೇಶವಿಲ್ಲದೆ ಮೇಜು ಕದಲಿಸಲಾರೆನೆಂದ ಮೇಸ್ತ್ರಿ. ಆದೇಶ ಬರೆಯಹೋದರೆ ಅಬ್ಜೆಕ್ಷನ್ನಿಗೆ ಒಂದು ಕೆಂಪು, ಎಫೆಕ್ಟಿಗೆ ಒಂದು ಕೆಂಪು, ಪರ್ಮಿಶನ್ನಿಗೆ ಒಂದು ಕೆಂಪು. ಇಂದು ಶನಿವಾರ.

ಆದಕಾರಣ ತಮ್ಮಲ್ಲಿ ಕೆಲವು ಅರಿಕೆಗಳಿವೆ. ತಾವು ಒಮ್ಮೆ ಕಂಪ್ಯೂಟರಿನಿಂದ ಇಳಿದು ಎಂಬತ್ತನಾಲ್ಕು ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಿನ ಮುಂದೆ ಇನ್ ಬರಬೇಕೋ ಆನ್ ಬರಬೇಕೋ ಪರಿಶೀಲಿಸಿ ಬರುವ ಕೃಪೆ ಮಾಡಬೇಕು. ಇಂಗ್ಲಿಷಿನ ಸಮಸ್ತ ನಾಮಪದಗಳನ್ನೂ ಕರೆಸಿ ಒಂದೇ ಪುಟ್ಟ ಪದದೊಂದಿಗೆ ಸಾಮೂಹಿಕ ವಿವಾಹ ಮಾಡಿಸಬೇಕು; ಆಗದಿದ್ದರೆ ನಮ್ಮ ಕನ್ನಡದ ಹಾಗೆ ಪ್ರತ್ಯಯವನ್ನು ಪದದ ಬಾಲಕ್ಕೇ ಕಟ್ಟಿ ಕಳಿಸಬೇಕು, ಜೊತೆಗಾರರನ್ನು ಹುಡುಕುವ ತಾಪತ್ರಯವೇ ಇರುವುದಿಲ್ಲ. ತಪಾಸಣೆ ವಿಭಾಗದ ಹಿರಿಯ ಕೆಲಸಗಾರ್ತಿಯವರ ಮೇಜನ್ನು ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವುದರೊಳಗೆ ನಾಲ್ಕನೆಯ ಮಹಡಿಯ ಉತ್ತರದ ಕಿಟಕಿಯ ಪಕ್ಕ ಮೊದಲಿದ್ದ ಜಾಗದಲ್ಲೇ ಇರಿಸತಕ್ಕದ್ದು, ಅಲ್ಲಿ ಪೆಟ್ಟಿಗೆಗಳನ್ನು ಒಟ್ಟತಕ್ಕದ್ದಲ್ಲ, ಅವರಿಗೆ ಗಾಜಿನ ಕೆಲಸವನ್ನೇ ಕೊಡತಕ್ಕದ್ದು. ಕೊನೆಯದಾಗಿ, ತಾವು ವರ್ಷಕ್ಕೊಂದು ದಿನವಾದರೂ ರಜೆ ಹಾಕಬೇಕೆಂದು ಪ್ರಾರ್ಥನೆ.

ಎಂದೆಂದೂ ತಮ್ಮ ಕೆಂಪು ಗೆರೆಯ ನೆರಳಿನಲ್ಲಿರುವ,
ತಮ್ಮ ವಿಶ್ವಾಸಿ,
ಪತ್ರ ವಿಭಾಗದ ಗುಮಾಸ್ತ

ತಾಜಾ ಕಲಂ (ಸೋಮವಾರ, ಪೆನ್ನಿನಲ್ಲಿ ಸೇರಿಸಿದ್ದು): ಮೇಲಿನ ಪತ್ರವನ್ನು ಶನಿವಾರ ಸಂಜೆ ತಮಗೇ ಉಣಿಸಿದೆ. ತಮಗೆ ಕನ್ನಡ ಬಾರದ್ದರಿಂದ ಎರಡು ಕ್ಷಣ ಯೋಚಿಸಿ, ಯಾವ ತಪ್ಪೂ ಸಿಗಲಿಲ್ಲವೆಂದು ಹಸಿರು ಗುರುತು ಹಾಕಿದಿರಿ. ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿ ಮೊಹರು ಒತ್ತಿದರು. ಇಂದು ಬೆಳಿಗ್ಗೆ ಅದನ್ನು ಫಲಕಕ್ಕೆ ಹಚ್ಚಿದೆ. ಮೇಸ್ತ್ರಿ ಪತ್ರ ಪೂರ್ತಿ ಓದಿ, ಸಹಿ ನೋಡಿ, ನನ್ನ ಮುಖ ನೋಡಿ, ಇಬ್ಬರನ್ನು ಕರೆದು ಮೇಜನ್ನು ಲಿಫ್ಟಿಗೆ ಹಾಕಿಸಿದ. ಹಸಿರು ಬಿದ್ದದ್ದನ್ನು ಪ್ರಶ್ನಿಸಕೂಡದೆಂಬ ನಿಯಮ ಇನ್ನೂ ಗೋಡೆಯ ಮೇಲೇ ಇದೆ. ಅತ್ತಿಗೆ ಈಗ ಮೇಲಿದ್ದಾರೆ. ಫಲಕದಲ್ಲಿದ್ದ ಈ ಪತ್ರವನ್ನು ಹೋಗುವಾಗ ಬೆಳಕಿಗೆ ಹಿಡಿದು ಓದಿದವರು, ಎರಡನೆಯ ಪುಟದಲ್ಲಿ ಒಂದು ಒತ್ತಕ್ಷರ ತಪ್ಪಿದೆಯೆಂದು ನನ್ನ ಕೈಗೆ ಪೆನ್ನು ಕೊಟ್ಟು ತಿದ್ದಿಸಿದರು. ಅದು ತಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ತಮಗೆ ಕನ್ನಡಕದ ಅಗತ್ಯ ಕಂಡುಬಂದರೆ ಸಂಕೋಚವಿಲ್ಲದೆ ನಾಲ್ಕನೆಯ ಮಹಡಿಗೆ ಬನ್ನಿ, ಲಿಫ್ಟು ನಡೆಯುತ್ತಿದೆ.