ಹೆಡ್ ಹೋದ ಪೆಟ್ಟಿಗೆ

ನಾನು ಇದ್ದಲ್ಲಿ ಏನಾದ್ರೂ ಒಂದು ಆಗೇ ಆಗ್ತೈತೆ. ಒಂಬತ್ತನೇ ಕ್ಲಾಸಿಗೆ ಎರಡು ಸಲ ಡುಮ್ಕಿ ಹೊಡೆದವನನ್ನ ದಾವಣಗೆರೆ ಮಿಲ್ಲಿನೋರು ಕಂಪ್ಯೂಟರ್ ರೂಮಿನ ಧೂಳು ಹೊಡೆಯೋಕೆ ಇಟ್ಕೊಂಡ್ರೆ ಇನ್ನೇನಾಗಬೇಕು? ಅಪ್ಪ ಅದೇ ಮಿಲ್ಲಲ್ಲಿ ಬದಲಿ ಕೆಲಸಗಾರ, ಯಾರಾದ್ರೂ ಬರದಿದ್ದ ದಿನ ಮಗ್ಗಕ್ಕೆ ನಿಲ್ಲೋನು. ಆ ವರ್ಷ ಒಂದು ಶೆಡ್ ಮುಚ್ತಾರೆ ಅಂತಾಯ್ತು. ಹತ್ತು ವರ್ಷದ ಹಾಜರಿ ಇದ್ದೋರು ಪರ್ಮನೆಂಟಾಗಿ ಉಳೀತಾರೆ, ಮಿಕ್ಕೋರು ಮನೆಗೆ. ಅಪ್ಪಂದು ಹನ್ನೊಂದಾಗಿತ್ತು. ಅಷ್ಟೂ ಹಾಜರಿ ಕಂಪ್ಯೂಟರಿನ ಡಿಸ್ಕ್ ಪೆಟ್ಟಿಗೆಯೊಳಗೆ. ಲಿಸ್ಟ್ ತೆಗೀಬೇಕಾದ ಸೋಮವಾರವೇ ಆ ಪೆಟ್ಟಿಗೆ ಕಟಕಟ ಅನ್ನೋಕೆ ಹತ್ತಿತು.

೧. ಗಾಳಿ ಸೋಕಿದ್ದು

ಮ್ಯಾನೇಜರು ಆಫ್ ಮಾಡಿ ಆನ್ ಮಾಡಿದ್ರು. ಕಟಕಟ. ವೈರು ಕಿತ್ತು, ಊದಿ, ತಿರುಗಾ ಸಿಗಿಸಿದ್ರು. ಕಟಕಟ. ವಾಚ್‌ಮನ್ ಅಜ್ಜ ಬಾಗಿಲಲ್ಲೇ ನಿಂತು ಕಿವಿಗೊಟ್ಟು, ನಮ್ಮ ಸೊಸೆನೂ ಹಿಂಗೇ ಹಲ್ಲು ಕಡೀತಿದ್ಲು, ಗಾಳಿ ಬಿಡಿಸೋಕೆ ಉಕ್ಕಡಗಾತ್ರಿ ಗುಡಿಗೆ ಕರ್ಕೊಂಡೋದ ಮ್ಯಾಲೇ ನಿಂತಿದ್ದು ಅಂದ. ಅಲ್ಲಿ ಹೆಸರು ಕೇಳ್ತಾರಲ್ಲ, ಪೆಟ್ಟಿಗೇದು ಏನಂತ ಹೇಳೋದು ಅಂದೆ ನಾನು. ಮ್ಯಾನೇಜರು ನನ್ನ ತಲೆಗೊಂದು ಕೊಟ್ರು. ಅಜ್ಜ ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದ್ರು:

"ಬಸ್ಸಿನಾಗೆ ಇದಕ್ಕೂ ಟಿಕೆಟ್ ತಗಸ್ತಾರೇನಲೇ?"

೨. ಹಾರ

ಕೊನೆಗೆ ಬೆಂಗಳೂರಿನ ಇಂಜಿನಿಯರಿಗೆ ಟ್ರಂಕ್ ಕಾಲ್ ಹೋಯ್ತು. ಅವರು ಫೋನಲ್ಲೇ ಕಟಕಟ ಕೇಳಿ, ಹೆಡ್ ಹೋಗಿರಬೇಕು ಅಂದ್ರಂತೆ. ಡಿಸ್ಕಿನ ಮೇಲೆ ಓಡಾಡಿ ಓದೋ ಮುಳ್ಳಿಗೆ ಹೆಡ್ ಅಂತಾರೆ. ನಮ್ಮ ಮಿಲ್ಲಲ್ಲಿ ಹೆಡ್ ಅಂದ್ರೆ ಒಬ್ರೇ, ಜ್ವರ ಬಂದು ಹರಿಹರದ ಮನೇಲಿ ಮಲಗಿದ್ದ ಹೆಡ್ ಗುಮಾಸ್ತರು. ನಾನು ಮೋರೆ ಸಪ್ಪಗೆ ಮಾಡ್ಕೊಂಡು ಶೆಡ್ಡಿಗೆ ಹೋಗಿ, ಹೆಡ್ ಹೋದ್ರಂತೆ ಅಂದೆ. ಅಷ್ಟೇ ಅಂದಿದ್ದು.

ಊಟದ ಹೊತ್ತಿಗೆ ಆರು ಜನ ಹಾರ ಹಿಡಿದು ಹರಿಹರದ ಬಸ್ಸು ಹತ್ತಿದ್ರು, ಅದರಾಗೆ ಅಪ್ಪನೂ ಒಬ್ಬ. ಬಾಗಿಲು ತೆಗೆದೋರು ಹೆಡ್ ಗುಮಾಸ್ತರೇ, ಕಂಬಳಿ ಹೊದ್ಕೊಂಡು. ಸುದ್ದಿ ಎಲ್ಲಿಂದ ಬಂತು ಅಂತ ವಿಚಾರಿಸಿದ್ರು. ಕಂಪ್ಯೂಟರ್ ರೂಮಿಂದ ಅಂದಿದ್ದೇ ತಡ, ಹೋಗಿದ್ದು ಯಾವ ಹೆಡ್ಡು ಅಂತ ಅವರಿಗೆ ಹೊಳೀತು.

"ಬರ್ರಿ, ಕೂಡ್ರಿ, ಚಾ ಕುಡೀರಿ. ಹಾರ ಮಾತ್ರ ಬಿಸಾಕಬ್ಯಾಡ್ರಿ. ಆ ಹೆಡ್ ಹೋಗಿದ್ರೆ ನಿಮಗೇ ಬೇಕಾಗ್ತೈತೆ."

ಸಂಜೆ ಮನೆಗೆ ಬಂದ ಅಪ್ಪ ನನಗೆ ಹೊಡೀಲಿಲ್ಲ. ಅದಕ್ಕೇ ಹೆದರಿಕೆಯಾಯ್ತು.

೩. ಮಿರ್ಚಿ

ಇಂಜಿನಿಯರು ಬಂದು ಪೆಟ್ಟಿಗೆ ಬಿಚ್ಚಿದ್ರು. ಒಳಗಿನ ತಟ್ಟೆ ಮೇಲೆ ದೋಸೆ ಹಂಚು ಕೆರೆದ ಹಂಗೆ ಗೀರು. ಒಂದಕ್ಷರ ಬರಲ್ಲ, ಹಳೇ ಹಾಜರಿ ಪುಸ್ತಕ ತೆಗೀರಿ ಅಂದ್ರು. ಎಲ್ರೂ ನನ್ನ ಕಡೆ ತಿರುಗಿದ್ರು.

ಧೂಳು ಹೊಡೆಯೋದು ನನ್ನ ಕೆಲಸ. ಹಾಜರಿಯೆಲ್ಲ ಕಂಪ್ಯೂಟರಿಗೆ ಹತ್ತಿಸಿದ ಮೇಲೆ ಜಾಸ್ತಿ ಧೂಳಿದ್ದಿದ್ದು ಆ ಪುಸ್ತಕಗಳ ಮೇಲೇ. ಗೇಟಿನೆದುರಿನ ಮಂಡಕ್ಕಿ ಅಂಗಡಿಗೆ ಅವನ್ನ ರದ್ದಿಗೆ ಹಾಕಿ ತಿಂಗಳುಗಟ್ಟಲೆ ಮಿರ್ಚಿ ತಿಂದಿದ್ದೆ.

ಅಪ್ಪ, ನಾನು ಅಂಗಡಿಗೆ ಓಡಿದ್ವಿ. ಪೊಟ್ಟಣಕ್ಕೆ ಅಂತ ಮೊಳೆಗೆ ಚುಚ್ಚಿದ್ದ ಹಾಳೆಗಳಲ್ಲಿ ಒಂದರಾಗೆ ಅಪ್ಪನ ಹೆಸರಿತ್ತು. ಒಂದು ತಿಂಗಳ ಹಾಜರಿ, ಅದೂ ಎಣ್ಣೆ ಕುಡಿದಿತ್ತು. ಅಪ್ಪ ಅದನ್ನ ಅಂಗೈ ಮೇಲೆ ಹರವಿಕೊಂಡು ತಂದು ಮ್ಯಾನೇಜರ ಟೇಬಲ್ಲಿನ ಮೇಲಿಟ್ಟ. ಅವರು ಹಾಳೆ ತಿರುವಿ ನೋಡಿ, ಇದು ಒಂದು ತಿಂಗಳಾಯ್ತು, ಮಿಕ್ಕಿದ್ದೆಲ್ಲ ಎಲ್ಲೈತೆ ಅಂದ್ರು.

ಅಪ್ಪ ನನ್ನ ರಟ್ಟೆ ಹಿಡಿದು ಮುಂದಕ್ಕೆ ನಿಲ್ಲಿಸಿದ.

"ಇವನ ಹೊಟ್ಟ್ಯಾಗೈತ್ರಿ. ಇವನನ್ನೇ ಪರ್ಮನೆಂಟ್ ಮಾಡ್ಕೊಂಬಿಡ್ರಿ."

ಹಂಗೇ ಮಾಡ್ಕೊಂಡ್ರು.