ಸೇತುವೆ ಮೇಲೆ ಕೂತ ಹಿರಿಯರು

ಒಂದು ಒಗಟು. ಮೂವತ್ತೈದು ನಿಮಿಷದ ದಾರಿ, ಹನ್ನೊಂದು ಜನ ಹೊರಟರು. ಕಲ್ಲಿಲ್ಲ, ಮುಳ್ಳಿಲ್ಲ, ಕಳ್ಳಕಾಕರಿಲ್ಲ. ಸಂಜೆಯಾದರೂ ಒಬ್ಬರೂ ತಲುಪಲಿಲ್ಲ. ಯಾಕೆ? ತಲೆ ಕೆರೆದುಕೊಂಡರೂ ನಿಮಗೆ ಹೊಳೆಯುವುದಿಲ್ಲ, ಬಿಡಿ.

ಜಪಾನಿನ ಮಿನಾಗಾವಾ ಬಂದರಿನ ನಗರಸಭೆ ಶುಕ್ರವಾರ ಮಧ್ಯಾಹ್ನ ಒಂದು ಸುತ್ತೋಲೆ ಹೊರಡಿಸಿತು: "ನೌಕರರ ಮನಶ್ಶಾಂತಿಗಾಗಿ ಚಿಕ್ಕ, ಸುಂದರ ವಿಡಿಯೋ ಗೇಮ್ ಒಂದನ್ನು ಕೊಳ್ಳುವ ಪ್ರಸ್ತಾಪವಿದೆ. ಅದು ಆಡಲು ಯೋಗ್ಯವೇ ಎಂದು ನೀರು ಸರಬರಾಜು ವಿಭಾಗದವರು ಕೊನೆಯವರೆಗೆ ಆಡಿ ತಿಳಿಸತಕ್ಕದ್ದು. ಅಲ್ಲಿಯವರೆಗೆ ಯಾರೂ ಮನೆಗೆ ಹೋಗತಕ್ಕದ್ದಲ್ಲ. ಶಾಂತರಾಗದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ವಿಭಾಗದ ಕಿರಿಯ ಗುಮಾಸ್ತೆ ಚಿಹಾರುವಿಗೆ ಖುಷಿಯೋ ಖುಷಿ. ಅರ್ಧ ಗಂಟೆ ಆಡಿದರೆ ಬಿಡುಗಡೆ! ಅವತ್ತು ದ್ವೀಪದಲ್ಲಿ ಅವಳಜ್ಜಿಗೆ ಎಂಬತ್ತೆಂಟು ತುಂಬುತ್ತಿತ್ತು. ಅಜ್ಜಿ ಕೆಂಪು ಕಾಳಿನ ಅನ್ನ ಮಾಡಿಕೊಂಡು ಕಾಯುತ್ತಿದ್ದಳು. ಕೊನೆಯ ದೋಣಿ ಐದೂವರೆಗೆ.

ಆಟದಲ್ಲಿ ಒಬ್ಬೊಬ್ಬರಿಗೂ ಒಂದು ಬೆಳ್ಳಕ್ಕಿ. ಮಂಜು, ಹೊಳೆ, ಉದುರುವ ಹೂವು. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಹಕ್ಕಿ ನಡೆದು ನಡೆದು ಕಡಲು ಮುಟ್ಟಿದರೆ ಮುಗಿಯಿತು. ಪದ್ಧತಿಯಂತೆ ಮುಖ್ಯಸ್ಥ ಒಕುಮುರಾ ಅವರ ಹಕ್ಕಿ ಮುಂದೆ, ಉಳಿದ ಹತ್ತು ಹಿಂದೆ. ಇಪ್ಪತ್ತನೆಯ ನಿಮಿಷಕ್ಕೆ ಒಂದು ಸೇತುವೆ ಬಂತು. ಅದರ ಮೇಲೆ ಒಬ್ಬ ಮುದುಕ ಗಾಳ ಹಿಡಿದು ಕೂತಿದ್ದ. ಒಕುಮುರಾ ನಿಂತರು. ಹತ್ತೂ ಹಕ್ಕಿ ನಿಂತವು.

"ಸಾರ್, ಪಕ್ಕದಲ್ಲಿ ಜಾಗ ಇದೆಯಲ್ಲ" ಅಂದಳು ಚಿಹಾರು.

"ಏನಮ್ಮಾ ಹಿಂಗಂತೀಯ? ಹಿರಿಯರು ಇನ್ನೂ ಎದ್ದಿಲ್ಲ. ಅವರಿಗಿಂತ ಮುಂಚೆ ನಾವು ಹೊರಟುಬಿಡೋದಾ? ನಿಮ್ಮ ದ್ವೀಪದಲ್ಲಿ ಹಂಗೇನಾ?"

ಉಪಮುಖ್ಯಸ್ಥ ಇಶಿಗೂರೊ ಮೆಲ್ಲಗೆ, "ಅದು ಚಿತ್ರ ಅಲ್ವಾ ಸಾರ್?" ಅಂದರು.

"ಚಿತ್ರಕ್ಕೆ ವಯಸ್ಸಿರಲ್ವೇನ್ರೀ? ಗಡ್ಡ ನೋಡಿ!"

ಮೂರು ಗಂಟೆಗೆ ಆಟ ತಯಾರಿಸಿದಾಕೆಗೆ ಫೋನು ಹೋಯಿತು. "ಅಯ್ಯೋ, ಅವರು ಏಳೋದೇ ಇಲ್ಲ! ಕೂತಿರೋ ಹಂಗೇ ಬರೆದಿರೋದು" ಅಂದಳಾಕೆ. ಒಕುಮುರಾ ಫೋನಿಗೇ ಸೊಂಟ ಬಗ್ಗಿಸಿ ನಮಸ್ಕರಿಸಿದರು. "ಕೇಳಿದ್ರಾ? ಇಂಥ ಕರ್ತವ್ಯನಿಷ್ಠೆ ಈಗಿನ ಹುಡುಗರಲ್ಲಿ ಎಲ್ಲಿದೆ?"

ನಾಲ್ಕಕ್ಕೆ ಚಿಹಾರುವೇ ದಾರಿ ಹುಡುಕಿದಳು. "ಸಾರ್, ಅವರನ್ನ ನಿವೃತ್ತಿ ಮಾಡಿಸಿಬಿಟ್ರೆ?"

ಎಲ್ಲರೂ ತಲೆದೂಗಿದರು. ಆದೇಶ ಟೈಪಾಯಿತು. ಸಹಿಯ ಬದಲು ಹನ್ನೊಂದು ಜನರ ಸ್ವಂತ ಮೊಹರು ಬಿದ್ದವು. ಪರದೆಯ ಮುಂದೆ ಸೇವಂತಿಗೆ ಇಟ್ಟು ಒಕುಮುರಾ ಇಪ್ಪತ್ತು ನಿಮಿಷ ಬೀಳ್ಕೊಡುಗೆ ಭಾಷಣ ಮಾಡಿ, ಕಣ್ಣೊರೆಸಿಕೊಂಡರು. ಆಮೇಲೆ ಇಶಿಗೂರೊ ಕಾಗದ ತಿರುಗಿಸಿ ನೋಡಿ, "ನಿವೃತ್ತರಾಗುವವರ ಮೊಹರೇ ಇಲ್ಲವಲ್ಲ!" ಅಂದರು.

ಮುದುಕನ ಎರಡೂ ಕೈ ಗಾಳದ ಮೇಲಿದ್ದವು. ಬಿಡುವಾದಾಗ ಒತ್ತಲಿ ಎಂದು ತೀರ್ಮಾನವಾಯಿತು.

ಐದೂಕಾಲು. ಚಿಹಾರು ಹಲ್ಲು ಕಚ್ಚಿ ಗುಂಡಿ ಒತ್ತಿದಳು. ಅವಳ ಹಕ್ಕಿ ಒಕುಮುರಾ ಹಕ್ಕಿಯ ಕೊಕ್ಕಿಗಿಂತ ಒಂದು ಗೇಣು ಮುಂದೆ ಹೋಯಿತು. ಹತ್ತು ತಲೆಗಳು ಅವಳತ್ತ ತಿರುಗಿದವು. ಹಕ್ಕಿ ಎರಡು ಹೆಜ್ಜೆ ಹಿಂದೆ ಸರಿಯಿತು. ಚಿಹಾರು ಎದ್ದು ನಿಂತು ಕ್ಷಮೆ ಕೇಳಿದಳು.

ಅಷ್ಟರಲ್ಲಿ ನಗರಸಭೆಯ ಪ್ರಕಟಣೆ ಬಂತು: "ನಾಲ್ಕು ಗಂಟೆ ಕಾಲ ಇಡೀ ವಿಭಾಗ ಮಿಸುಕದೆ ಕೂತಿದ್ದು ತಿಳಿದುಬಂದಿದೆ. ಆಟ ಆಡಲು ಪರಮ ಯೋಗ್ಯ. ಎಲ್ಲ ವಿಭಾಗಗಳಿಗೂ ಕೊಳ್ಳಲಾಗಿದೆ. ನೀರು ಸರಬರಾಜಿನವರು ಮುಗಿಸಿಯೇ ಹೊರಡತಕ್ಕದ್ದು." ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಹಾರು ಕೂಡ.

ಐದು ಇಪ್ಪತ್ತಕ್ಕೆ ಮುದುಕ ಗಾಳ ಎತ್ತಿ, ಬಾಗಿ ನಮಸ್ಕರಿಸಿ, ಹೊರಟುಹೋದ. ಚಿಹಾರು ಓಡಿ ದೋಣಿ ಹಿಡಿದಳು. ಅಜ್ಜಿಯ ಅನ್ನ ಇನ್ನೂ ಬಿಸಿಯಾಗಿತ್ತು.

ಇದಿಷ್ಟು, ಮುದುಕ ಎದ್ದಲ್ಲಿಂದ ಈಚೆಗೆ, ನಾನು ಕಟ್ಟಿದ್ದು. ನಿಜದಲ್ಲಿ ದೋಣಿ ಹೊರಡುವ ಹೊತ್ತಿಗೆ ಅಲ್ಲಿ ಎದ್ದು ಹೊರಟವರು ಯಾರೂ ಇಲ್ಲ, ಮುದುಕನೂ.